ಕಾಲಿಗೆ ಗೊತ್ತಿದ್ದದ್ದು

ಶಹಾಪುರ, ಬೆಳಗಾವಿ
18 ಆಗಸ್ಟ್ 2023

ಮಾನ್ಯ ಮೌಲಾಸಾಬ ಅವರಿಗೆ ನಮಸ್ಕಾರಗಳು.

ನಾನು ಅನುಜಾ. ನಿಮ್ಮ ಶಾಲಾ ಬಸ್ಸಿನಲ್ಲಿ ಬರುತ್ತಿದ್ದ ನಾಲ್ಕನೇ ಇಯತ್ತೆಯ ಪ್ರಾಚಿಯ ತಾಯಿ. ಹೆಸರು ಓದಿದ ಕೂಡಲೇ ನೀವು ಈ ಕಾಗದ ಮಡಚಿಡಬಹುದು. ಹಾಗೆ ಮಾಡಿದರೆ ನಾನು ಬೇಸರಪಡುವಂತಿಲ್ಲ. ಎರಡು ಸಲ ಫೋನ್ ಮಾಡಿದ್ದೆ. ಮೊದಲ ಸಲ ನೀವು ನನ್ನ ಹೆಸರು ಕೇಳಿ ಸುಮ್ಮನೆ ಇಟ್ಟಿರಿ. ಎರಡನೇ ಸಲ ಎತ್ತಲಿಲ್ಲ. ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಶಿವಲಿಂಗವ್ವನೇ ನಿಮ್ಮ ಅಕ್ಕನ ಮನೆಯ ವಿಳಾಸ ಕೊಟ್ಟು, "ಕಾಗದ ಬರೀರಿ ಅಕ್ಕಾರ, ಕಾಗದ ಬಂದ್ರ ಅವ್ರು ಓದೇ ಓದ್ತಾರ" ಅಂದರು.

ಜೂನ್ 27ರ ಮುಂಜಾನೆ ಖಾಸಬಾಗದ ತಿರುವಿನಲ್ಲಿ ಆದದ್ದು ನಿಮಗೇ ನನಗಿಂತ ಚೆನ್ನಾಗಿ ಗೊತ್ತು. ಕೊತ್ತಂಬರಿ ಬುಟ್ಟಿ ಕಟ್ಟಿಕೊಂಡಿದ್ದ ಮುದುಕ ಭರಮಪ್ಪ ಸೈಕಲ್ಲಿನೊಂದಿಗೆ ಅಡ್ಡ ಬಂದರು. ನೀವು ಬ್ರೇಕ್ ಹಾಕಿದಿರಿ. ಅವರು ಉಳಿದರು. ಸೀಟಿನಿಂದ ಎದ್ದು ನಿಂತಿದ್ದ ಪ್ರಾಚಿ ಮುಂದಿನ ಕಂಬಿಗೆ ಬಡಿದು ಬಿದ್ದಳು, ಎಡಗೈ ಮುರಿಯಿತು. ಅದೇ ಮಧ್ಯಾಹ್ನ ನಾನು ಆಸ್ಪತ್ರೆಯಿಂದ ನೆಟ್ಟಗೆ ಶಾಲೆಗೆ ಹೋಗಿ, ಚಾಲಕನ ಅಜಾಗರೂಕತೆಯಿಂದ ಹೀಗಾಯಿತು ಎಂದು ದೂರು ಬರೆದುಕೊಟ್ಟೆ. ಇನ್ನೂ ಆರು ಜನ ತಾಯಿತಂದೆಯರು ಸಹಿ ಹಾಕಿದರು. ನಾಲ್ಕನೇ ದಿನ ನಿಮ್ಮನ್ನು ಕೆಲಸದಿಂದ ತೆಗೆದರು.

ಹೋದ ವಾರ ಪ್ರಾಚಿ ನನಗೆ ಹೇಳಿದಳು: ಪೆನ್ಸಿಲ್ ಡಬ್ಬಿ ಕೆಳಗೆ ಬಿತ್ತು, ಎತ್ತಿಕೊಳ್ಳಲು ತಾನೇ ಎದ್ದಳು, "ಕುಂದರವಾ, ಕುಂದರು" ಎಂದು ನೀವು ಮೂರು ಸಲ ಹೇಳಿದಿರಿ. ಇದು ನನಗೆ ಈಗ ತಿಳಿಯಿತು. ಆದ್ದರಿಂದ ದೂರನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ನೀವು ಮತ್ತೆ ಕೆಲಸಕ್ಕೆ ಬರುತ್ತೀರಾ? ಪ್ರಾಚಿ ದಿನಾ ಕೇಳುತ್ತಾಳೆ.

ಇಂತು,
ಅನುಜಾ

*

ಪಾರಿಶ್ವಾಡ
9 ಸೆಪ್ಟೆಂಬರ್ 2023

ಅನುಜಾ ಮೇಡಂ ಅವರಿಗೆ ಮೌಲಾಸಾಬ ಮಾಡುವ ಸಲಾಮು.

ನಿಮ್ಮ ಕಾಗದ ಬಂದು ಮೂರು ವಾರವಾಗುತ್ತ ಬಂತು. ನಾನು ಕನ್ನಡ ಸಾಲಿಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತವನು. ಬರೆಯುವುದು ನಿಧಾನ. ತಡ ಆದದ್ದಕ್ಕೆ ಅದೊಂದೇ ಕಾರಣ ಅಲ್ಲ.

ಪ್ರಾಚಿಯ ಕೈ ಹೇಗಿದೆ? ಎಡಗೈ ಎಂದು ಬರೆದಿದ್ದೀರಿ. ಆ ಹುಡುಗಿ ಎಡಗೈಯಲ್ಲೇ ಬರೆಯುತ್ತಾಳಲ್ಲ. ಕಿಟಕಿಯ ಮಂಜಿನ ಮೇಲೆ ಎಡಗೈ ಬೆರಳಿನಿಂದ ಹೆಸರು ಬರೆಯುವುದನ್ನು ನೋಡಿದ್ದೇನೆ. ಈಗ ಪರೀಕ್ಷೆ ಹೇಗೆ ಬರೆಯುತ್ತಾಳೆ?

ಶಿವಲಿಂಗವ್ವ ಆ ದಿನವೇ ಆಸ್ಪತ್ರೆಯಿಂದ ಬಂದು ನನಗೆ ಎಲ್ಲ ಹೇಳಿದ್ದರು. ಅಲ್ಲಿ ನಿಮ್ಮ ಕೂಡ ಏನು ಮಾತಾಡಿದೆ ಎನ್ನುವುದನ್ನೂ ಹೇಳಿದ್ದರು. ಅದಿರಲಿ.

ದೂರು ಹಿಂದಕ್ಕೆ ತೆಗೆದರೂ ನಾನು ಬರಲಿಕ್ಕಾಗುವುದಿಲ್ಲ. ನಿಮ್ಮ ಮೇಲಿನ ಸಿಟ್ಟಿನಿಂದ ಹೇಳುತ್ತಿಲ್ಲ. ಇಲ್ಲಿ ಅಕ್ಕ ರಾಜಬೀಯ ಮನೆಯಲ್ಲಿದ್ದೇನೆ. ಹೆಂಡತಿ ತೀರಿಕೊಂಡ ಮೇಲೆ ರಜೆ ಬಂದರೆ ಇಲ್ಲಿಗೇ ಬರುವುದು ರೂಢಿ. ಜುಲೈಯಲ್ಲಿ ಭಾವ ಟ್ರ್ಯಾಕ್ಟರ್ ಕೀಲಿ ಕೊಟ್ಟು, ಹೊಲಕ್ಕೆ ಒಯ್ಯಿ ಎಂದರು. ಮನೆಯಿಂದ ಹೊಲ ಒಂದು ಮೈಲಿಯೂ ಇಲ್ಲ. ಖಾಲಿ ದಾರಿ. ನನ್ನ ಬಲಗಾಲು ತಾನಾಗಿಯೇ ಬ್ರೇಕ್ ಒತ್ತಿತು. ಬಂಡಿ ನಿಂತಿತು. ಮತ್ತೆ ಹೊರಟೆ, ಮತ್ತೆ ಒತ್ತಿತು. ಹೊಲ ಮುಟ್ಟುವುದರೊಳಗೆ ಹನ್ನೊಂದು ಸಲ. ಮುಂದೆ ಯಾರೂ ಇಲ್ಲ ಎಂದು ತಲೆ ಹೇಳುತ್ತಿತ್ತು. ಕಾಲು ಕೇಳುತ್ತಿರಲಿಲ್ಲ. ಇಪ್ಪತ್ತೇಳು ವರ್ಷ ಬಂಡಿ ಹೊಡೆದ ಕಾಲು, ಬೇರೆಯವರ ಕಾಲಿನ ಹಾಗೆ ಆಯಿತು.

ಇಂಥ ಕಾಲನ್ನು ಮಕ್ಕಳ ಬಸ್ಸಿನಲ್ಲಿ ಇಡಬಾರದು.

ನಿಮ್ಮ,
ಮೌಲಾಸಾಬ

*

ಶಹಾಪುರ
17 ಸೆಪ್ಟೆಂಬರ್ 2023

ಮೌಲಾಸಾಬ ಅವರಿಗೆ,

ಪ್ರಾಚಿಯ ಕೈಯ ಪಟ್ಟಿ ಬಿಚ್ಚಿದ್ದಾರೆ. ಎರಡು ತಿಂಗಳು ಬಲಗೈಯಿಂದ ಬರೆದಳು. ಅಕ್ಷರ ಕೋಳಿ ಕೆದರಿದ ಹಾಗಿವೆ ಎಂದು ತಾನೇ ನಗುತ್ತಿದ್ದಳು. ಅವಳು ಎಡಗೈಯವಳೆಂಬುದು ಅವಳ ತರಗತಿಯ ಟೀಚರಿಗೂ ನೆನಪಿರಲಿಲ್ಲ.

ನಿಮ್ಮ "ಅದಿರಲಿ" ಎಂಬ ಮಾತನ್ನು ಹತ್ತು ಸಲ ಓದಿದೆ.

ಮೊದಲ ಕಾಗದದಲ್ಲಿ ನಾನು ಸುಳ್ಳು ಬರೆದಿದ್ದೆ. ಪ್ರಾಚಿ ಹೇಳುವ ಮೊದಲೇ ನನಗೆ ಗೊತ್ತಿತ್ತು. ಶಿವಲಿಂಗವ್ವ ಆಸ್ಪತ್ರೆಯ ಬಾಗಿಲಲ್ಲೇ ನನ್ನ ಕೈ ಹಿಡಿದು, "ಅಕ್ಕಾರ, ಅವ್ರದೇನೂ ತಪ್ಪಿಲ್ರಿ, ಹುಡುಗಿ ಎದ್ದ ನಿಂತಿತ್ತು" ಅಂದಿದ್ದರು. ಕೇಳಿಸಿಕೊಂಡೆ. ಖರೇ ಎಂದು ತಿಳಿಯಿತು. ತಿಳಿದೇ ಶಾಲೆಗೆ ಹೋಗಿ, ಕುರ್ಚಿಯ ಮೇಲೆ ಕುಳಿತು, ಒಂದೂ ಅಕ್ಷರ ತಪ್ಪದೆ ದೂರು ಬರೆದೆ. ಅಕ್ಷರ ದುಂಡಗಿದ್ದವು. ಕೈ ನಡುಗಲಿಲ್ಲ. ಆ ಮೇಲೆ ಬಹಳ ದಿನ ನನಗೆ ಬಗೆಹರಿಯದೆ ಉಳಿದದ್ದು ಇದೇ. ತಿಳಿದದ್ದು ಒಂದು, ಬರೆದದ್ದು ಒಂದು. ನಡುವೆ ಇದ್ದದ್ದೇನು?

ಖಾಸಬಾಗದಲ್ಲಿ ನಮ್ಮದು ಚಷ್ಮಾ ಅಂಗಡಿ. ದಿನವಿಡೀ ಜನರ ಕಣ್ಣ ಮುಂದೆ ಗಾಜು ಇಟ್ಟು "ಇದು ಸ್ಪಷ್ಟ ಕಾಣತದೋ, ಇದೋ?" ಎಂದು ಕೇಳುವುದು ನನ್ನ ಕೆಲಸ. ನನ್ನನ್ನೇ ಕೇಳಿಕೊಳ್ಳಲು ಬರಲಿಲ್ಲ. ಕೇಳಿದವರು ನಮ್ಮ ಅತ್ತೆ ಕಾಂತಾ. ನಾವು ಜೈನರು, ಅವರು ದಿನಾ ಸಂಜೆ ಊಟವಾದ ಮೇಲೆ ಪ್ರತಿಕ್ರಮಣಕ್ಕೆ ಕೂಡುತ್ತಾರೆ. ಮನಸ್ಸಿನಿಂದ, ಮಾತಿನಿಂದ, ಮೈಯಿಂದ ಆ ದಿನ ಯಾರಿಗೆ ಏನು ನೋವು ಕೊಟ್ಟೆ ಎಂದು ಹಿಂದಕ್ಕೆ ತಿರುಗಿ ನೋಡುವುದು. ನಿಮ್ಮ ಕಾಗದ ಬಂದ ಸಂಜೆ ನಾನೂ ಬಾಜೂಕ ಹೋಗಿ ಕುಳಿತೆ.

"ಆ ದೂರು ಬರಿಯೂವಾಗ ನಿನ್ನ ಹೊಟ್ಟಿಯೊಳಗ ಏನಿತ್ತ?" ಅಂದರು.

"ಸಿಟ್ಟು" ಅಂದೆ.

"ಸಿಟ್ಟ ಬಂದಾಗ ನಿನ್ನ ಕೈ ನಡಗತದ. ನಾ ಹನ್ನೆರಡ ವರ್ಷ ನೋಡೇನಿ. ಅವತ್ತ ನಡಗ್ಲಿಲ್ಲ ಅಂತಿ. ಮತ್ತ ವಿಚಾರ ಮಾಡು."

ನಾಲ್ಕು ದಿನ ವಿಚಾರ ಮಾಡಿದೆ. ಆ ಮುಂಜಾನೆ ನನ್ನ ಗಂಡ ಸುಯೋಗನಿಗೂ ನನಗೂ ಜಗಳವಾಗಿತ್ತು. ಅದರ ಬಿಸಿಯಲ್ಲಿ ಪ್ರಾಚಿಯ ಮೇಲೆ ಕೂಗಾಡಿ, ಪುಸ್ತಕ, ಡಬ್ಬಿ ಎಲ್ಲ ಚೀಲಕ್ಕೆ ತುರುಕಿ ಅವಳನ್ನು ಹೊರಗೆ ದಬ್ಬಿದೆ. ಚೀಲದ ಜಿಪ್ಪು ಹಾಕಲಿಲ್ಲ. ಪೆನ್ಸಿಲ್ ಡಬ್ಬಿ ಬಿದ್ದದ್ದು ಅದಕ್ಕೇ. ಆಸ್ಪತ್ರೆಯಲ್ಲಿ ಬಾಯಿ ತೆರೆದಿದ್ದ ಆ ಚೀಲವನ್ನು ನನ್ನ ಮಡಿಲಿಗೇ ಕೊಟ್ಟರು. ಹೊಟ್ಟೆಯಲ್ಲಿ ಇದ್ದದ್ದು ನಾಚಿಕೆ, ಮೌಲಾಸಾಬ ಅವರೆ. ಅದನ್ನು ಹೊರಲಾರದೆ ಕಾಗದದ ಮೇಲೆ ನಿಮ್ಮ ಹೆಸರು ಬರೆದು ಕೊಟ್ಟುಬಿಟ್ಟೆ.

ಶಾಲೆಗೆ ದೂರು ಹಿಂದಕ್ಕೆ ಪಡೆಯುವ ಅರ್ಜಿ ಕೊಟ್ಟಿದ್ದೇನೆ. ಹೊಸ ಚಾಲಕ ಬಂದಾಗಿದೆ, ಆ ವಿಷಯ ಮುಗಿಯಿತು ಎಂದರು. ನನಗೆ ಮುಗಿದಿಲ್ಲ.

ಒಂದು ಪ್ರಶ್ನೆ. ಉತ್ತರಿಸಲೇಬೇಕೆಂದಿಲ್ಲ. ನಿಮ್ಮ ಕಾಲು ದಾರಿಯುದ್ದಕ್ಕೂ ಒತ್ತುತ್ತದೆಯೋ, ಕೆಲವು ಜಾಗಗಳಲ್ಲಿ ಮಾತ್ರವೋ? ಒತ್ತುವ ಮುಂಚೆ ನೀವು ಏನನ್ನು ನೋಡುತ್ತಿರುತ್ತೀರಿ?

ಅನುಜಾ

*

ಪಾರಿಶ್ವಾಡ
22 ಅಕ್ಟೋಬರ್ 2023

ತಂಗಿ ಅನುಜಾಗೆ,

ಮೇಡಂ ಎಂದು ಬರೆದರೆ ಕೈ ಮುಂದಕ್ಕೆ ಹೋಗುವುದಿಲ್ಲ. ತಂಗಿ ಎಂದು ಬರೆದಿದ್ದೇನೆ.

ನಿನ್ನ ಕಾಗದ ಓದಿದ ದಿನ ನಾಲ್ಕು ಸಾಲು ಬರೆದೆ. ಬಹಳ ಕೆಟ್ಟ ಸಾಲುಗಳು. ಬಸ್ಸಿನ ಕೀಲಿಯನ್ನು ಶಾಲೆಯ ಗೇಟಿನಲ್ಲಿ ಕಾವಲುಗಾರನ ಕೈಗೆ ಕೊಟ್ಟು ಬಂದೆನಲ್ಲ, ಆ ದಿನದ ಸಿಟ್ಟೆಲ್ಲ ಅದರಲ್ಲಿತ್ತು. ಅಕ್ಕನಿಗೆ ಓದಲು ಬರುವುದಿಲ್ಲ, ಆದರೆ ನನ್ನ ಮುಖ ಓದುತ್ತಾಳೆ. "ಏನ್ ಬರದಿ, ಓದಿ ಹೇಳು" ಅಂದಳು. ಓದಿದೆ. ಕೇಳಿ ಮುಗಿಸಿ, "ಖರೇನ ಬರದಿ. ಆದ್ರ ಇದನ್ನ ಕಳಸಿದ್ರ ನಿನ್ನ ಕಾಲ್ ನೆಟ್ಟಗ ಆಗತೈತೇನು?" ಎಂದು ಕೇಳಿದಳು. ಆ ಕಾಗದ ಚಹಾ ಕಾಸಲು ಹೋಯಿತು. ನಿನ್ನ ಮೇಲೆ ಸಿಟ್ಟು ಮಾಡಿದ್ದೆ ಎನ್ನುವುದು ಗೊತ್ತಿರಲಿ, ಅದಕ್ಕೇ ಹೇಳಿದೆ.

ನಿನ್ನ ಪ್ರಶ್ನೆ ಮಾತ್ರ ಬಿಡಲಿಲ್ಲ. ಎಲ್ಲಿ ಒತ್ತುತ್ತದೆ? ನಾನು ಎಂದೂ ನೋಡಿರಲಿಲ್ಲ. ಒತ್ತುತ್ತದೆ ಎಂದು ಹೆದರಿ ಟ್ರ್ಯಾಕ್ಟರ್ ಹತ್ತುವುದನ್ನೇ ಬಿಟ್ಟಿದ್ದೆ. ಮರುದಿನ ಹತ್ತಿದೆ. ಕಾಲು ಒತ್ತಿದಲ್ಲೆಲ್ಲ ಇಳಿದು, ದಾರಿ ಬದಿಯಲ್ಲಿ ಒಂದು ಕಲ್ಲು ಇಟ್ಟೆ. ಮೂರು ದಿನ ಇಟ್ಟೆ. ಒಬ್ಬ ಮುದುಕ ದಾರಿಯುದ್ದಕ್ಕೂ ಕಲ್ಲು ಇಡುವುದನ್ನು ಊರವರು ನೋಡಿದರು. ನೋಡಲಿ ಬಿಡು.

ನಾನು ತಿಳಿದದ್ದು ತಿರುವಿನಲ್ಲಿ ಒತ್ತುತ್ತದೆ ಎಂದು. ಅಲ್ಲ. ಸೈಕಲ್ ಕಂಡಾಗಲೂ ಅಲ್ಲ. ನೆಟ್ಟಗಿನ ದಾರಿಯಲ್ಲಿ, ನಾನು ಬಹಳ ಹೊತ್ತು ಮುಂದಕ್ಕೇ ನೋಡುತ್ತಿರುವಾಗ ಒತ್ತುತ್ತದೆ. ಕತ್ತು ತಿರುಗಿಸಿ ಹಿಂದಿನ ಟ್ರಾಲಿ ನೋಡಿದ ಕೂಡಲೇ ಕಾಲು ಹಗುರಾಗುತ್ತದೆ.

ಅಂದು ಗೊತ್ತಾಯಿತು.

ಬ್ರೇಕ್ ಹಾಕಿದ ಆ ಹೊತ್ತಿಗೆ ನಾನು ಭರಮಪ್ಪನೊಬ್ಬನನ್ನೇ ನೋಡಿದೆ, ತಂಗಿ. ಮಕ್ಕಳು ಕಾಣುವ ಕನ್ನಡಿ ನನ್ನ ತಲೆಯ ಮೇಲೆಯೇ ಇತ್ತು. ನೋಡಲಿಲ್ಲ. ಹುಡುಗಿ ಎದ್ದಿದ್ದಾಳೆಂದು ನನಗೆ ಗೊತ್ತಿತ್ತು. ಮೂರು ಸಲ ಹೇಳಿದವನೂ ನಾನೇ. ಆದರೂ ಆ ಒಂದು ಗಳಿಗೆ ಹಿಂದೆ ನಲವತ್ತೊಂದು ಮಕ್ಕಳಿದ್ದಾರೆ ಎನ್ನುವುದೇ ಮರೆತು ಹೋಗಿತ್ತು. ನೋಡಿದ್ದರೂ ಬ್ರೇಕ್ ಹಾಕಬೇಕಾಗಿಯೇ ಇತ್ತು, ಬೇರೆ ದಾರಿ ಇರಲಿಲ್ಲ. ಅದು ತಲೆಗೆ ಗೊತ್ತು. ಆ ಮೇಲೆ ಕೆಲವರು ಬೈದರು, ಕೆಲವರು ಒಂದು ಜೀವ ಉಳಿಸಿದಿ ಎಂದು ಹೊಗಳಿದರು. ಮರೆತಿದ್ದೆ ಎನ್ನುವುದನ್ನು ಯಾರಿಗೂ ಹೇಳಲಿಲ್ಲ. ನನಗೂ ಹೇಳಿಕೊಳ್ಳಲಿಲ್ಲ. ಕಾಲಿಗೆ ಗೊತ್ತಿತ್ತು.

ಅಕ್ಕನಿಗೆ ಹೇಳಿದೆ. "ಕಾಲ್ ಅಂಜತೈತಿ ಅಂದ್ರ ಅಂಜ್ಲಿ. ಬೈಬ್ಯಾಡ. ಅದರ ಕೂಡ ಮಾತಾಡಕೋತ ಹೋಗು" ಅಂದಳು. ಈಗ ದಿನಾ ಮುಂಜಾನೆ ಏಳಕ್ಕೆ ಹಾಗೇ ಹೋಗುತ್ತೇನೆ. ಕಾಲು ಒತ್ತಿದರೆ ಬಂಡಿ ನಿಲ್ಲಿಸುತ್ತೇನೆ. ಏನು ಕಾಣುತ್ತದೋ ಬಾಯಿ ಬಿಟ್ಟು ಹೇಳುತ್ತೇನೆ. ಮುಂದೆ ಎಮ್ಮೆ, ಬಲಕ್ಕೆ ಭತ್ತ, ಹಿಂದೆ ಖಾಲಿ ಟ್ರಾಲಿ. ಆ ಮೇಲೆ ಹೊರಡುತ್ತೇನೆ. ಹನ್ನೊಂದು ಇದ್ದದ್ದು ಈ ವಾರ ನಾಲ್ಕಕ್ಕೆ ಬಂದಿದೆ.

ನೀನು ಕೇಳದಿದ್ದರೆ ನಾನು ನೋಡುತ್ತಿರಲಿಲ್ಲ. ಈಗ ನಾನೊಂದು ಕೇಳುತ್ತೇನೆ. ಪ್ರಾಚಿ ಈಗ ಶಾಲೆಗೆ ಹೇಗೆ ಹೋಗುತ್ತಾಳೆ?

ನಿನ್ನ ಅಣ್ಣ,
ಮೌಲಾಸಾಬ

*

ಶಹಾಪುರ
3 ಡಿಸೆಂಬರ್ 2023

ಮೌಲಾ ಅಣ್ಣನವರಿಗೆ,

ನಿಮ್ಮ ಪ್ರಶ್ನೆಗೆ ಉತ್ತರಿಸಲು ಆರು ವಾರ ಬೇಕಾಯಿತು.

ಪ್ರಾಚಿಯನ್ನು ನಾನೇ ಸ್ಕೂಟರಿನಲ್ಲಿ ಬಿಡುತ್ತೇನೆ. ಜುಲೈಯಿಂದಲೂ ಹೀಗೇ. ಅಂಗಡಿ ತೆರೆಯುವುದು ದಿನಾ ತಡ. "ಬಸ್ ಎದಕ ಬ್ಯಾಡ?" ಎಂದು ಅವಳು ಕೇಳಿದರೆ ಕೈ ಗಟ್ಟಿಯಾಗಲಿ ಎನ್ನುತ್ತಿದ್ದೆ. ಕೈ ಗಟ್ಟಿಯಾಗಿ ಎರಡು ತಿಂಗಳಾಯಿತು. ಬಸ್ಸು ಸ್ಕೂಟರಿಗಿಂತ ಸುರಕ್ಷಿತ ಎಂಬುದು ಗೊತ್ತಿಲ್ಲದವಳಲ್ಲ ನಾನು. ನಿಮ್ಮ ಕಾಲಿನಂಥದ್ದೇ ಏನೋ ನನ್ನ ಕೈಯಲ್ಲೂ ಇದೆ.

ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದಿತ್ತು. ನವೆಂಬರ್ 25ರಂದು ಪಾಲಕರ ಸಭೆ ಇತ್ತು. ಆಸ್ಪತ್ರೆಯ ಬಾಗಿಲಲ್ಲೇ ನನಗೆ ನಿಜ ತಿಳಿದಿತ್ತು, ತಿಳಿದೂ ದೂರು ಬರೆದೆ ಎಂದು ಒಂದು ಹಾಳೆ ಬರೆದುಕೊಂಡು ಹೋದೆ. ಸುಯೋಗನಿಗೆ ಬೇಡವಾಗಿತ್ತು. "ಮುಗದ ಹೋದ ಮಾತ ಎದಕ ಎತ್ತತಿ? ಮಂದಿ ನಾಳೆ ಅಂಗಡಿ ಮುಂದ ನಿಂತ ಮಾತಾಡ್ತಾರ" ಎಂದ. ಮುಖ್ಯಾಧ್ಯಾಪಕಿಯೂ ಹಾಳೆ ಓದಿ, "ಇದನ್ನ ಫೈಲಿಗೆ ಹಾಕ್ತೀನ್ರಿ, ಸಭೆಯೊಳಗ ಓದೂದ ಬ್ಯಾಡ" ಅಂದರು. ದೂರು ಎಲ್ಲರ ಎದುರು ಬರೆದದ್ದು, ಇದನ್ನು ಫೈಲಿನಲ್ಲಿ ಇಟ್ಟರೆ ಸರಿಯಾಗದು ಎಂದೆ. ಓದಿದೆ.

ಕೈ ನಡುಗಿತು. ಹಾಳೆಯ ಸದ್ದು ನನಗೇ ಕೇಳಿಸುತ್ತಿತ್ತು. ಓದಿ ಮುಗಿದ ಮೇಲೆ ದೂರಿಗೆ ಸಹಿ ಹಾಕಿದ್ದ ಒಬ್ಬ ತಾಯಿ ಎದ್ದು ಹೊರಗೆ ಹೋದಳು. ಇನ್ನೊಬ್ಬರು, ವಯಸ್ಸಾದ ಗೃಹಸ್ಥರು, "ನಾವೂ ಕೇಳದ ಸಹಿ ಮಾಡಿದ್ವಿ" ಎಂದು ನೆಲ ನೋಡಿದರು. ಮನಸ್ಸು ಹಗುರಾಗುತ್ತದೆ, ಅಳು ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಹಸಿವು. ಮನೆಗೆ ಬಂದು ಎರಡು ರೊಟ್ಟಿ ತಿಂದೆ, ಮತ್ತೆರಡು ಹಾಕಿಸಿಕೊಂಡೆ. ಅತ್ತೆ ಬಡಿಸಿದರು. ಜೂನ್‌ನಿಂದ ನಾನು ಹೊಟ್ಟೆ ತುಂಬ ಉಂಡಿರಲಿಲ್ಲ ಎಂಬುದು ಆಗ ಗೊತ್ತಾಯಿತು.

ಸುಯೋಗ ತಾಟು ತೊಳೆಯುತ್ತ ಬೆನ್ನು ತಿರುಗಿಸಿಯೇ ಹೇಳಿದ: "ಅವತ್ತ ಮುಂಜಾನೆ ಜಗಳ ತಗದಾಂವ ನಾನ. ನೀ ಒಬ್ಬಾಕೀನ ಹಾಳಿ ಹಿಡಕೊಂಡ ನಿಂತಿ." ಮದುವೆಯಾಗಿ ಹನ್ನೆರಡು ವರ್ಷಗಳಲ್ಲಿ ಅವನು ಹೀಗೆ ಹೇಳಿದ್ದು ಇದೇ ಮೊದಲು.

ಶಾಲೆಯವರು ನಿಮ್ಮ ದಾಖಲೆಯಿಂದ ದೂರನ್ನು ತೆಗೆದು, ಒಂಬತ್ತು ವರ್ಷದ ಸೇವೆ ಚೆನ್ನಾಗಿತ್ತೆಂದು ಪತ್ರ ಕೊಟ್ಟಿದ್ದಾರೆ. ಅದನ್ನು ಇದರೊಂದಿಗೆ ಇಟ್ಟಿದ್ದೇನೆ. ಕೆಲಸ ಮಾತ್ರ ಕೊಡಿಸಲಾಗಲಿಲ್ಲ.

ನಿಮ್ಮ ತಂಗಿ,
ಅನುಜಾ

*

ಪಾರಿಶ್ವಾಡ
14 ಜನವರಿ 2024

ತಂಗಿ ಅನುಜಾಗೆ,

ಪತ್ರ ಮುಟ್ಟಿತು. ಅಕ್ಕನಿಗೆ ಓದಿ ಹೇಳಿದೆ. ಅವಳು ಅದನ್ನು ಕುರಾನಿನ ಬಾಜೂಕ ಇಟ್ಟಿದ್ದಾಳೆ. ನೀನು ಸಭೆಯಲ್ಲಿ ಮಾಡಿದ್ದಕ್ಕೆ ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ. ನಾಲ್ಕು ಸಲ ಬರೆದು ಹೊಡೆದು ಹಾಕಿದೆ. ನಿನ್ನ ಹಸಿವಿನ ಮಾತು ಓದಿ ಅಕ್ಕ ಮಾತ್ರ "ಪಾಪ" ಅಂದಳು.

ಹೊಸ ಸುದ್ದಿ ಇದೆ. ಖಾನಾಪುರದ ಒಂದು ಶಾಲೆಯಲ್ಲಿ ಬಸ್ಸು ಹೊಡೆಯುವ ಸಿದರಾಯ ಈ ತಿಂಗಳು ನಿವೃತ್ತಿಯಾಗುತ್ತಾನೆ. ನನ್ನ ಹಳೆಯ ಪರಿಚಯ. ಅವನೇ ಕರೆದುಕೊಂಡು ಹೋದ. ಅಲ್ಲಿಯ ಮುಖ್ಯಾಧ್ಯಾಪಕರಿಗೆ ಎಲ್ಲ ಹೇಳಿದೆ. ಬ್ರೇಕ್ ಹಾಕಿದ್ದು, ಕನ್ನಡಿ ನೋಡದಿದ್ದದ್ದು, ಕಾಲಿನ ಸುದ್ದಿ. ಅವರು ಕೇಳಿ, "ಇಷ್ಟ ಖರೇ ಹೇಳಿದ್ರ ನಾ ಕೆಲಸ ಹೆಂಗ ಕೊಡ್ಲಿ ಮೌಲಾಸಾಬ?" ಅಂದರು. "ಕೊಡಬ್ಯಾಡ್ರಿ. ಹದಿನೈದ ದಿನ ಖಾಲಿ ಬಸ್ಸ ಕೊಡ್ರಿ. ಬಾಜೂಕ ಸಿದರಾಯ ಕುಂದರ್ತಾನ. ಅಂವಾ ಹೂಂ ಅಂದ್ರ ಮಾತಾಡೂಣು" ಅಂದೆ. ಒಪ್ಪಿದರು.

ಎಂಟು ದಿನ ಆಯಿತು. ಖಾನಾಪುರದಿಂದ ಪಾರಿಶ್ವಾಡದವರೆಗೆ ಹೋಗಿ ಬರುತ್ತೇವೆ. ಕಾಲು ಒಂದು ದಿನ ಒಂದು ಸಲ ಒತ್ತುತ್ತದೆ, ಒಂದು ದಿನ ಒತ್ತುವುದೇ ಇಲ್ಲ. ಆದರೆ ಹಿಂದೆ ಖಾಲಿ ಸೀಟುಗಳಿವೆ, ತಂಗಿ. ಮಕ್ಕಳು ಕುಳಿತಾಗ ಏನು ಮಾಡುತ್ತದೋ ನನಗೂ ಗೊತ್ತಿಲ್ಲ. ತಿಳಿದುಕೊಳ್ಳಬೇಕೆಂದು ಮನಸ್ಸಿದೆ. ಹೆದರಿಕೆಯೂ ಇದೆ. ಈಗ ಎರಡೂ ಒಟ್ಟಿಗೇ ಇರುತ್ತವೆ, ಒಂದನ್ನೊಂದು ಓಡಿಸುವುದಿಲ್ಲ.

ಫೆಬ್ರುವರಿ 4, ರವಿವಾರ. ಸಿದರಾಯನೂ ಇರುತ್ತಾನೆ, ಮುಖ್ಯಾಧ್ಯಾಪಕರಿಗೂ ಹೇಳಿದ್ದೇನೆ. ನೀನು ಪ್ರಾಚಿಯನ್ನು ಕರೆದುಕೊಂಡು ಖಾನಾಪುರಕ್ಕೆ ಬಂದು ಒಂದು ಸುತ್ತು ಆ ಬಸ್ಸಿನಲ್ಲಿ ಕೂಡುತ್ತೀಯಾ? ಬರಲಾಗದಿದ್ದರೆ ಬರಬೇಡ. ಕೇಳಬಾರದಿತ್ತೇನೋ. ಕೇಳಿದ್ದೇನೆ.

ನಿನ್ನ ಅಣ್ಣ,
ಮೌಲಾಸಾಬ

*

ಶಹಾಪುರ
12 ಫೆಬ್ರುವರಿ 2024, ಸೋಮವಾರ

ಮೌಲಾ ಅಣ್ಣನವರಿಗೆ,

ಆ ರವಿವಾರ ಊಟ ಮಾಡಿಯೇ ಹೋಗಬೇಕೆಂದು ರಾಜಬೀ ಅಕ್ಕ ಹಿಡಿದು ಕೂಡಿಸಿದ್ದಕ್ಕೆ, ನಾವು ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲವೆಂದು ಯಾರನ್ನೋ ಕೇಳಿ ತಿಳಿದುಕೊಂಡು ಬೇರೆ ಪಾತ್ರೆಯಲ್ಲಿ ಅಡುಗೆ ಮಾಡಿದ್ದಕ್ಕೆ, ಮೊದಲು ಅವರಿಗೆ ನನ್ನ ನಮಸ್ಕಾರ ಹೇಳಿ.

ನಿಮಗೆ ಆ ದಿನ ಹೇಳದೆ ಉಳಿದದ್ದನ್ನು ಬರೆಯುತ್ತೇನೆ. ಬಸ್ಸು ಹತ್ತುವ ಮುಂಚೆ ಪ್ರಾಚಿ ಮೆಟ್ಟಿಲ ಮೇಲೆ ನಿಂತುಬಿಟ್ಟಳಲ್ಲ. ನೀವು "ಬಾರವಾ" ಎಂದು ಕರೆಯಲಿಲ್ಲ, ಸುಮ್ಮನೆ ಕಾದಿರಿ. ನಾನೂ ದಬ್ಬಲಿಲ್ಲ. ಅವಳು ತಾನೇ ಹತ್ತಿ, ಎರಡನೇ ಸಾಲಿನಲ್ಲಿ ಕುಳಿತಳು. ನಾನು ಅವಳ ಪಕ್ಕ ಕೂಡಲು ಹೋದರೆ, "ಅವ್ವಾ, ನೀ ಹಿಂದ ಕುಂದರು" ಅಂದಳು.

ಖಾನಾಪುರ ದಾಟಿ ನೆಟ್ಟಗಿನ ದಾರಿ ಬಂದಾಗ ನಿಮ್ಮ ಭುಜ ಬಿಗಿಯಾದದ್ದು ಹಿಂದಿನಿಂದ ಕಾಣುತ್ತಿತ್ತು. ಬಸ್ಸು ನಿಧಾನವಾಯಿತು, ನಿಂತಿತು. ನೀವು ಸಣ್ಣ ದನಿಯಲ್ಲಿ, "ಮುಂದ ಯಾರೂ ಇಲ್ಲ. ಬಲಕ್ಕ ಕಬ್ಬಿನ ಗಾಡಿ ನಿಂತೈತಿ" ಎಂದು ಹೇಳಿ, ಆಮೇಲೆ ಸುಮ್ಮನಾದಿರಿ. ಆಗ ಪ್ರಾಚಿ ಅಂದಳು: "ಹಿಂದ ನಾ ಅದೀನಿ ಕಾಕಾ. ಕುಂತೀನಿ."

ನೀವು ತಲೆ ಎತ್ತಿ ಕನ್ನಡಿ ನೋಡಿದಿರಿ. ಕನ್ನಡಿಯಲ್ಲಿ ನಿಮ್ಮ ಕಣ್ಣು ನನಗೆ ಕಂಡವು, ನಾನು ಕಿಟಕಿಯ ಕಡೆ ತಿರುಗಿದೆ. ಬಸ್ಸು ಹೊರಟಿತು. ಪಾರಿಶ್ವಾಡದವರೆಗೆ ಮತ್ತೆ ನಿಲ್ಲಲಿಲ್ಲ.

ನಿಮಗೆ ಕೆಲಸ ಕೊಟ್ಟರೆಂದು ಸಿದರಾಯ ಫೋನ್ ಮಾಡಿ ತಿಳಿಸಿದ. ಇಂದಿನಿಂದ ಮಕ್ಕಳನ್ನು ಕೂಡಿಸಿಕೊಂಡು ಹೋಗುತ್ತೀರಂತೆ. ನಾನು ಇದನ್ನು ಬರೆಯುವ ಹೊತ್ತಿಗೆ ನಿಮ್ಮ ಮೊದಲ ಸುತ್ತು ಮುಗಿದಿರಬೇಕು. ಹೇಗಾಯಿತು? ಎಲ್ಲ ಬರೆಯಿರಿ.

ಇಲ್ಲಿಯದನ್ನು ಹೇಳುತ್ತೇನೆ. ಇಂದು ಮುಂಜಾನೆ ಸ್ಕೂಟರಿನ ಕೀಲಿ ತೆಗೆದುಕೊಳ್ಳಲಿಲ್ಲ. ಪ್ರಾಚಿಯ ಕೈ ಹಿಡಿದು ನಿಲ್ದಾಣದವರೆಗೆ ನಡೆದೆ. ಶಿವಲಿಂಗವ್ವ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ನೋಡಿ, "ಬಂದ್ರ್ಯಾ" ಎಂದಷ್ಟೇ ಅಂದರು. ಹೊಸ ಚಾಲಕನ ಹೆಸರು ರಾಯಪ್ಪ. ಇಷ್ಟು ದಿನ ಕೇಳಿಯೇ ಇರಲಿಲ್ಲ, ಇಂದು ಕೇಳಿದೆ.

ಭಯ ಹೋಗಿದೆ ಎಂದು ಬರೆದರೆ ಮತ್ತೊಂದು ಸುಳ್ಳಾಗುತ್ತದೆ. ಎದೆ ಹೊಡೆದುಕೊಳ್ಳುತ್ತಿತ್ತು. ಹೊಡೆದುಕೊಳ್ಳಲಿ ಎಂದು ಬಿಟ್ಟೆ. ಬಸ್ಸು ಹೊರಟಾಗ ಪ್ರಾಚಿ ಗೆಳತಿಯೊಬ್ಬಳ ಜೊತೆ ಆಗಲೇ ಮಾತಿಗೆ ಇಳಿದಿದ್ದಳು, ನನ್ನ ಕಡೆ ನೋಡಲಿಲ್ಲ. ನಾನು ಕೈ ಬೀಸಿದೆ. ಬಸ್ಸು ತಿರುವು ದಾಟಿ ಮರೆಯಾಯಿತು. ಸ್ವಲ್ಪ ಹೊತ್ತಿನ ಮೇಲೆ ನೋಡಿಕೊಂಡರೆ ನನ್ನ ಕೈ ಇನ್ನೂ ಮೇಲೆಯೇ ಇತ್ತು. ಇಳಿಸಿದೆ. ಅಂಗಡಿಗೆ ಹೋಗಿ ಬಾಗಿಲು ತೆರೆದೆ.

ನಿಮ್ಮ ತಂಗಿ,
ಅನುಜಾ